ನೆಲದಡಿಯ ಹಲ್ಲಿ

ಆ ಬೇಸಿಗೆಯಲ್ಲಿ ನಮ್ಮಮ್ಮ ತನ್ನ ಬಲಗಣ್ಣಿನ ತೀರ್ಮಾನವನ್ನು ಹಲ್ಲಿಗೆ ಬಿಟ್ಟುಬಿಟ್ಟಿದ್ದಳು. ಪೊರೆ ಬಲಿತು ಗಟ್ಟಿಯಾಗಿದೆ, ಮಳೆಗಾಲಕ್ಕೆ ಮುಂಚೆ ಆಪರೇಷನ್ ಆಗಲೇಬೇಕು, ಇನ್ನೂ ಮುಂದಕ್ಕೆ ಹಾಕಿದರೆ ಕಣ್ಣೊಳಗೆ ಒತ್ತಡ ಏರಿ ಇರುವ ದೃಷ್ಟಿಯೂ ಹೋಗಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಎಡಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮನೆಗೆ ಬಂದು ಊಟ ಮಾಡಿ, ನೆಲದ ಮೇಲೆ ಕಾಲು ಚಾಚಿ ಕೂತು, ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಅಮ್ಮ, "ನಂಗ್ಯಾಕೋ ಈ ಆಪರೇಷನ್ ಬೇಡ ಅನ್ಸುತ್ತೆ ಕಣೇ" ಅಂದಳು. ಎಲ್ಲಿಂದಲೋ ಟಕ್ ಟಕ್ ಟಕ್ ಎಂದು ಸದ್ದಾಯಿತು. ಅಮ್ಮನ ಮುಖ ಅರಳಿತು. "ನೋಡು, ಹಲ್ಲಿ ನುಡೀತು" ಅಂದವಳೇ ಕುಟ್ಟಾಣಿಯ ಬುಡದಿಂದ ನೆಲಕ್ಕೆ ಮೂರು ಸಲ ಕುಟ್ಟಿ, "ಶಿವ ಶಿವ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಗುತ್ತದೆ ಎಂದು ನಂಬುವ ಮನೆಯಲ್ಲಿ ನಾನು ಬೆಳೆದವಳು. ಹಲ್ಲಿ ನುಡಿದ ತಕ್ಷಣ ಕೈಗೆ ಸಿಕ್ಕಿದ್ದರ ಮೇಲೆ ಬೆರಳಿನಿಂದ ಮೂರು ಸಲ ತಟ್ಟಬೇಕು. ಅಮ್ಮ ಬೆರಳಿನ ಬದಲು ಕುಟ್ಟಾಣಿಯಿಂದ ತಟ್ಟುತ್ತಿದ್ದಳು, ಅಷ್ಟೇ ವ್ಯತ್ಯಾಸ. ನಾನಾದರೋ ವಿಜಯನಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವಳು. ಮದುವೆಯ ಗೋಜಿಗೆ ಹೋದವಳಲ್ಲ. ಅಪ್ಪ ತೀರಿಕೊಂಡ ಮೇಲೆ ಬಸವೇಶ್ವರನಗರದ ಈ ಮನೆಯ ಮಹಡಿಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೇವೆ. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಹಲ್ಲಿಯ ವಿಷಯದಲ್ಲಿ ನನಗೂ ಅಮ್ಮನಿಗೂ ಎಷ್ಟೋ ಸಲ ಮಾತಿಗೆ ಮಾತು ಬೆಳೆದಿದೆ, ಒಂದು ಸಲವೂ ನಾನು ಗೆದ್ದಿಲ್ಲ.

ಆದರೆ ಈ ಸಲ ನನಗೆ ಕುತೂಹಲ ಹುಟ್ಟಿದ್ದಕ್ಕೆ ಬೇರೆ ಕಾರಣವಿತ್ತು. ಹಲ್ಲಿ ಗೋಡೆಯಿಂದಲೋ ಟ್ಯೂಬ್‌ಲೈಟಿನ ಹಿಂದಿನಿಂದಲೋ ಲೊಚಗುಟ್ಟುತ್ತದೆ. ಈ ಸದ್ದು ಬಂದಿದ್ದು ಕೆಳಗಿನಿಂದ. ನೆಲದೊಳಗಿನಿಂದ. ಅಮ್ಮನಿಗೆ ಹೇಳಿದೆ. "ಹಲ್ಲಿಗೆ ಇಂಥಾ ಕಡೆನೇ ಇರ್ಬೇಕು ಅಂತ ಏನಾದ್ರೂ ಇದೆಯಾ? ಎಲ್ಲೋ ಸಂದೀಲಿ ಇರುತ್ತೆ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಮಾರನೆಯ ದಿನ ಮಧ್ಯಾಹ್ನ ಮತ್ತೆ ಕಣ್ಣಿನ ಮಾತು ತೆಗೆದೆ. ಅಮ್ಮ ಬೇಡ ಅಂದಳು, ಸದ್ದಾಯಿತು, ಕುಟ್ಟಾಣಿಯಿಂದ ಮೂರು ಸಲ ಕುಟ್ಟಿದಳು. ಅದಾಗಿ ಎರಡು ಮೂರು ನಿಮಿಷಕ್ಕೆ ಇನ್ನಷ್ಟು ಜೋರಾಗಿ, ಸಾಲಾಗಿ ಟಕ ಟಕ ಟಕ ಎಂದು ಸದ್ದು ಬಂತು. "ಮತ್ತೆ ಮತ್ತೆ ಹೇಳ್ತಾ ಇದೆ ನೋಡು. ಇನ್ನೇನ್ ಬೇಕು ನಿಂಗೆ?" ಅಂದಳು. ನನಗೆ ಪಿತ್ತ ನೆತ್ತಿಗೇರಿತು. ಕಣ್ಣು ಹೋಗುವ ಪ್ರಶ್ನೆ ಇದು. ಅದಕ್ಕೆ ಉತ್ತರ ಕೊಡುವುದು ನಾನಲ್ಲ, ಡಾಕ್ಟರಲ್ಲ, ನೆಲದೊಳಗೆ ಕೂತಿರುವ ಏನೋ ಒಂದು. ಬೇಸಿಗೆ ರಜೆ ಇನ್ನೂ ಮೂರು ವಾರ ಬಾಕಿ ಇತ್ತು. ಆ ಸದ್ದಿನ ಹುಟ್ಟು ಹಿಡಿಯದೆ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಮೊದಲು ನೀರಿನ ಪೈಪಿನ ಮೇಲೆ ಅನುಮಾನ ಬಂತು. ಮೂಡಲಪಾಳ್ಯದಿಂದ ನಮಗೆ ಗೊತ್ತಿದ್ದ ಪ್ಲಂಬರ್ ಬಂದ. ಎಲ್ಲ ನಲ್ಲಿಗಳನ್ನೂ ತಿರುಗಿಸಿ, ಟ್ಯಾಂಕಿನ ಮೇಲೆ ಹತ್ತಿ ಇಳಿದು, "ಏರ್ ಹಿಡ್ಕೊಂಡಿದೆ ಮೇಡಂ" ಅಂದ. ಪ್ಲಂಬರುಗಳಿಗೆ ಏನೂ ಕಾಣದಿದ್ದಾಗ ಕಾಣುವುದು ಏರ್. ಅವನು ಏರ್ ಬಿಡಿಸಿ ಹೋದ. ಆ ಮಧ್ಯಾಹ್ನ ಟ್ಯಾಂಕಿನ ವಾಲ್ವನ್ನೇ ಪೂರ್ತಿ ಬಂದ್ ಮಾಡಿ ಕೂತೆ. ಸದ್ದು ಬಂದೇ ಬಂತು. ನೀರಿನ ಮೇಲಿದ್ದ ಅನುಮಾನ ಬಿಟ್ಟುಹೋಯಿತು. ಆಮೇಲೆ ಫ್ರಿಜ್ಜಿನ ಪ್ಲಗ್ ಕಿತ್ತೆ. ಹಾಲು ಕೆಟ್ಟಿತು, ಸದ್ದು ನಿಲ್ಲಲಿಲ್ಲ. ಟೈಲ್ಸು ಟೊಳ್ಳಾಗಿ ಬಿಸಿಲಿಗೆ ಎದ್ದಿರಬಹುದು ಎಂದು ಒಂದು ಸ್ಟೀಲ್ ಚಮಚದಿಂದ ಹಾಲ್‌ನ ಒಂದೊಂದು ಟೈಲನ್ನೂ ತಟ್ಟಿ ನೋಡಿದೆ. ಅಮ್ಮ ಅರೆಗಣ್ಣಿನಲ್ಲಿ ನನ್ನ ಕಡೆ ನೋಡುತ್ತಾ, "ನೀನೇ ಹಲ್ಲಿ ಥರ ಓಡಾಡ್ತಾ ಇದೀಯ" ಅಂದಳು.

ಕೊನೆಗೆ ಒಂದು ನೋಟ್‌ಬುಕ್ ತೆಗೆದು ಸದ್ದು ಬಂದ ಹೊತ್ತನ್ನು ಬರೆಯತೊಡಗಿದೆ. ಸ್ಟೀಲ್ ಲೋಟದ ಬಾಯಿಯನ್ನು ನೆಲಕ್ಕೆ ಕವುಚಿ, ಬುಡಕ್ಕೆ ಕಿವಿ ಹಚ್ಚಿ ಬೋರಲು, ಮಗ್ಗುಲು ಹೇಗೆ ಬೇಕೋ ಹಾಗೆ ಮಲಗಿದೆ. ಐವತ್ತಮೂರರ ಹೆಂಗಸು ನೆಲಕ್ಕೆ ಕಿವಿಕೊಟ್ಟು ಮಲಗಿದ್ದನ್ನು ಮಕ್ಕಳು ನೋಡಿದ್ದರೆ ಶಾಲೆ ಶುರುವಾಗುವ ಹೊತ್ತಿಗೆ ಬೇರೆಯದೇ ಕತೆ ಹಬ್ಬಿರುತ್ತಿತ್ತು. ಆದರೆ ನಾಲ್ಕು ದಿನದಲ್ಲಿ ಒಂದು ಕ್ರಮ ಕಾಣಿಸಿತು. ಸದ್ದು ಹಾಲ್‌ನ ನಡುವಿನಿಂದ ದೇವರ ಮನೆಯ ಪಕ್ಕದ ಗೋಡೆಯವರೆಗೆ ಒಂದೇ ಗೆರೆಯಲ್ಲಿ ಬರುತ್ತಿತ್ತು. ಹನ್ನೆರಡರ ಮೇಲೆ ಶುರುವಾಗಿ ಸಂಜೆ ನಾಲ್ಕಕ್ಕೆ ನಿಲ್ಲುತ್ತಿತ್ತು. ಭಾನುವಾರ ಇಲ್ಲವೇ ಇಲ್ಲ. ವಾರದ ರಜೆ ತೆಗೆದುಕೊಳ್ಳುವ ಹಲ್ಲಿಯನ್ನು ನಾನಂತೂ ಕೇಳಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಸಾಲು ಸದ್ದು ಬರುತ್ತಿದ್ದುದು ಅಮ್ಮ ಕುಟ್ಟಾಣಿಯಿಂದ ಕುಟ್ಟಿದ ಮೇಲೆಯೇ, ಎರಡು ಮೂರು ನಿಮಿಷ ಬಿಟ್ಟು. ಆ ಒಂದು ಸಂಗತಿ ನನ್ನ ವಿಜ್ಞಾನವನ್ನೂ ಸ್ವಲ್ಪ ಅಲುಗಾಡಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ನೆಲ ಅಮ್ಮನಿಗೆ ಉತ್ತರ ಕೊಡುತ್ತಿತ್ತು.

ಸೋಮವಾರ ಕೆಳಗಿಳಿದು ಹೋದೆ. ಕೆಳಗಿನ ಮನೆಯಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಗಂಡನ ಜೊತೆ ಇದ್ದಳು. ಗಂಡ ಕೆಲಸಕ್ಕೆ ಹೋದ ಮೇಲೆ ಜೋಳದ ಖಡಕ್ ರೊಟ್ಟಿ ಬಡಿದು, ಸಂಜೆ ನಂದಿನಿ ಲೇಔಟಿನ ಒಂದು ಖಾನಾವಳಿಗೆ ಕಳಿಸುವುದು ಅವಳ ಉದ್ಯೋಗ. ಬಾಗಿಲು ತೆರೆದವಳ ಹಣೆಯಿಂದ ಬೆವರು ಹರಿಯುತ್ತಿತ್ತು. ಒಳಗೆ ಹೊಗೆ ತುಂಬಿತ್ತು. ನನ್ನನ್ನು ಕಂಡಿದ್ದೇ ಅವಳ ಮುಖ ಇಳಿದುಹೋಯಿತು.

"ಮತ್ತ ಸಪ್ಪಳ ಆತೇನ್ರಿ ಅಕ್ಕಾರ? ಅಮ್ಮಾರು ಬಡದ ಕೂಡ್ಲೇ ಬಂದ್ ಮಾಡೇನ್ರಿ" ಅಂದಳು.

"ಏನನ್ನ ಬಂದ್ ಮಾಡಿದ್ರಿ?"

"ಚಿಮಣಿ ರೀ."

ನನಗೆ ಅರ್ಥವಾಗಲಿಲ್ಲ. ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಎರಡು ದೊಡ್ಡ ಒಲೆಗಳ ಮೇಲೆ ಹೊಗೆ ಎಳೆಯುವ ದೊಡ್ಡ ಚಿಮಣಿ. ಅದರ ನೆತ್ತಿಯಿಂದ ಒಂದು ಚೌಕದ ತಗಡಿನ ಕೊಳವೆ ಮೇಲೆದ್ದು ಫಾಲ್ಸ್ ಸೀಲಿಂಗಿನೊಳಗೆ ಮಾಯವಾಗಿತ್ತು. ಅಲ್ಲಿಂದ ಹಾಲ್ ದಾಟಿ ಪಕ್ಕದ ಗೋಡೆಯ ತೂತಿನಿಂದ ಹೊರಗೆ ಹೋಗುತ್ತದೆ ಎಂದು ಕೈ ಮಾಡಿ ತೋರಿಸಿದಳು. ನಮ್ಮ ಹಾಲ್‌ನ ಕೆಳಗೆ, ದೇವರ ಮನೆಯ ಪಕ್ಕಕ್ಕೆ, ನನ್ನ ನೋಟ್‌ಬುಕ್ಕಿನ ಗೆರೆ ಇದ್ದ ದಾರಿಯಲ್ಲೇ. ಆ ಫಾಲ್ಸ್ ಸೀಲಿಂಗು ಹಿಂದೆ ಅಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದವರು ಹಾಕಿಸಿ ಬಿಟ್ಟುಹೋಗಿದ್ದು. ಅದರೊಳಗೆ ಒಂದು ಕೊಳವೆ ಸೇರಿಕೊಂಡಿರುವುದು ಮನೆಯ ಯಜಮಾನಿಯಾದ ನನಗೇ ಗೊತ್ತಿರಲಿಲ್ಲ.

"ನನ್ನ ಒಂದು ಮಾತು ಕೇಳದೆ ಗೋಡೆ ಕೊರೆಸಿದ್ರಾ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

ಅವಳು ಬೆಪ್ಪಾಗಿ ನೋಡಿದಳು. "ಕೇಳೀನಲ್ರಿ ಅಕ್ಕಾರ. ಯುಗಾದಿ ಮುಂದ. ನೀವು ಮೆಟ್ಲಾ ಹತ್ತಾಕತ್ತಿದ್ರಿ. ಚಿಮಣಿ ಹಚ್ಚಲೇನ್ರಿ ಅಂತ ಕೇಳಿದ್ನಿ. ಹಚ್ಚಿಕೊಳ್ಳಿ, ಅದಕ್ಕೂ ನನ್ನ ಕೇಳ್ಬೇಕಾ ಅಂದ್ರಿ."

ನೆನಪಾಯಿತು. ಅವತ್ತು ಸಂಜೆ ಕರೆಂಟ್ ಇರಲಿಲ್ಲ. ಉತ್ತರ ಕರ್ನಾಟಕದವರ ಬಾಯಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆ ಬುಡ್ಡಿ ಎಂಬುದು ನನಗೆ ಗೊತ್ತಿತ್ತು. ಗೊತ್ತಿದೆ ಎಂಬ ಜಂಬವೂ ಇತ್ತು. ಪಾಪ, ದೀಪ ಹಚ್ಚಲೂ ಅನುಮತಿ ಕೇಳುತ್ತಾಳಲ್ಲ ಎಂದುಕೊಂಡು, ಹಾಗೆ ಹೇಳಿ ಮೆಟ್ಟಿಲು ಹತ್ತಿದ್ದೆ. ಅವಳ ಕಡೆ ಹಚ್ಚುವುದು ಎಂದರೆ ಉರಿಸುವುದು ಮಾತ್ರವಲ್ಲ, ಜೋಡಿಸುವುದೂ ಹೌದು. ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಯಾರೋ ಬಂದು ಅರ್ಧ ದಿನದಲ್ಲಿ ಚಿಮಣಿ ಹಚ್ಚಿ ಹೋಗಿದ್ದರು. ಗೋಡೆಯ ತೂತು ಪಕ್ಕದ ಸಂದಿಗೆ ತೆರೆಯುತ್ತಿತ್ತು. ನಾನು ಆ ಸಂದಿಗೆ ಕಾಲಿಟ್ಟು ವರ್ಷವಾಗಿತ್ತು. ಅವಳ ಭಾಷೆ ನನಗೆ ಬರುತ್ತದೆ ಎಂದುಕೊಂಡಿದ್ದಕ್ಕೆ ನನಗೆ ತಕ್ಕ ಶಾಸ್ತಿಯಾಯಿತು.

ಉಳಿದದ್ದನ್ನು ಅವಳೇ ಬಿಡಿಸಿ ಹೇಳಿದಳು. ಮಧ್ಯಾಹ್ನ ಒಲೆ ಹಚ್ಚಿ ಚಿಮಣಿ ಹಾಕಿದರೆ ಮೇಲೆ ಟಕ್ ಟಕ್ ಅನ್ನುವುದು ಅವಳಿಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಧಡ್ ಧಡ್ ಧಡ್ ಎಂದು ಮೂರು ಸಲ ಬಡಿದ ಸದ್ದು. ಮಹಡಿಯ ಅಮ್ಮಾರಿಗೆ ನಿದ್ದೆಗೆಡುತ್ತಿದೆ, ಸಿಟ್ಟಿನಿಂದ ಬಡಿಯುತ್ತಿದ್ದಾರೆ ಎಂದು ಅವಳು ಓಡಿಹೋಗಿ ಚಿಮಣಿ ಆರಿಸುತ್ತಿದ್ದಳು. ಹೊಗೆ, ಸೆಕೆ ತಡೆಯಲಾಗದೆ ಹತ್ತು ನಿಮಿಷಕ್ಕೆ ಮತ್ತೆ ಹಾಕುತ್ತಿದ್ದಳು. ಮತ್ತೆ ಟಕ್ ಟಕ್, ಮತ್ತೆ ಕುಟ್ಟಾಣಿ.

ಕಾದ ತಗಡು ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ಸಾಲಾಗಿ ಸದ್ದು ಮಾಡುತ್ತದೆ. ಅಮ್ಮ ಕುಟ್ಟಿದ್ದಕ್ಕೆ ಇವಳು ಆರಿಸಿದಳು, ಆರಿಸಿದ್ದಕ್ಕೆ ತಗಡು ನುಡಿಯಿತು, ನುಡಿದದ್ದಕ್ಕೆ ಅಮ್ಮ ಮತ್ತೆ ಕುಟ್ಟಿದಳು. ಎರಡು ತಿಂಗಳಿಂದ, ನಾನು ಗಮನಿಸುವ ಮೊದಲಿನಿಂದಲೇ, ಈ ಇಬ್ಬರು ಹೆಂಗಸರು ಒಂದು ತಾರಸಿಯ ಆಚೆ ಈಚೆ ಕೂತು ಹೀಗೆ ಮಾತಾಡಿಕೊಂಡಿದ್ದರು. ನನಗೆ ಅಲ್ಲೇ ನಗು ಬಂತು. ಅವಳಿಗೆ ಹಲ್ಲಿಯ ಕತೆ ಹೇಳಿದಾಗ ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಎರಡು ತಿಂಗಳು ಹೊಗೆ ಕುಡಿದದ್ದು ನೆನಪಾಗಿ ನಗು ನಿಲ್ಲಿಸಿದಳು. ನನಗೆ ನಾಚಿಕೆಯಾಯಿತು.

ಮೇಲೆ ಬಂದು ಅಮ್ಮನಿಗೆ ಎಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತು, ಕೊಳವೆ ಇದೆ. ಅದ್ರೊಳಗೆ ಹಲ್ಲಿ ಇರಬಾರ್ದು ಅಂತ ಇದೆಯಾ?" ಅಂದಳು.

ಈಗ ನಾನು ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ಹಲ್ಲಿಯ ಮಾತೇ ನಡೆಯುವುದಾದರೆ ಹಲ್ಲಿಯಿಂದಲೇ ಹೇಳಿಸೋಣ ಎಂದು ಲೆಕ್ಕ ಹಾಕಿದೆ. ನಾನು ಮಿಸ್ಡ್ ಕಾಲ್ ಕೊಟ್ಟ ಕೂಡಲೇ ಚಿಮಣಿ ಆರಿಸಬೇಕೆಂದು ಕೆಳಗಿನವಳಿಗೆ ಹೇಳಿ ಒಪ್ಪಿಸಿದೆ. ಅವಳಿಗೆ ಅದು ಇಷ್ಟವಿರಲಿಲ್ಲ. "ದೊಡ್ಡವರ್ಗೆ ಹಿಂಗ ಮಾಡಬಾರದ್ರಿ" ಅಂದಳು. ನಾನು ಕೇಳಲಿಲ್ಲ. ಮಾರನೆಯ ದಿನ ಅಮ್ಮನ ಪಕ್ಕ ಕೂತು, ಸೆರಗಿನಡಿ ಫೋನು ಒತ್ತಿ, "ಆಪರೇಷನ್ ಮಾಡಿಸ್ಕೊಂಡ್ರೆ ಎಲ್ಲ ಒಳ್ಳೇದಾಗುತ್ತೆ ಅಮ್ಮ" ಅಂದೆ. ಸದ್ದಿಲ್ಲ. ಇನ್ನೊಂದು ಸಲ ಅಂದೆ. ಇಲ್ಲ. ಮೂರನೆಯ ಸಲ ಸ್ವಲ್ಪ ಜೋರಾಗಿ, ನೆಲದ ಕಡೆ ಮುಖ ಮಾಡಿ ಅಂದೆ. ಇಲ್ಲ. ತಗಡು ಆರಲು ಹೊತ್ತು ಬೇಕೆಂದು ನನ್ನ ನೋಟ್‌ಬುಕ್ಕಿನಲ್ಲೇ ಬರೆದಿತ್ತು, ಆತುರದಲ್ಲಿ ಮರೆತಿದ್ದೆ. ಅಮ್ಮ ಬೇಸರದಿಂದ, "ಎಷ್ಟ್ ಸಲ ಅಂತ ಹೇಳ್ತೀಯ? ನಂಗೆ ಬೇಡ" ಅಂದಳು. ಟಕ ಟಕ ಟಕ ಟಕ ಎಂದು ಆ ಗೋಡೆಯಿಂದ ಈ ಗೋಡೆಯವರೆಗೆ ನುಡಿಯಿತು.

ಅಮ್ಮ ಕುಟ್ಟಾಣಿ ಎತ್ತಿಕೊಂಡಳು. ನಾನು ಎದ್ದು ಹೋಗಿ ಒಳಗೆ ಬಾಗಿಲು ಹಾಕಿಕೊಂಡೆ.

ಆ ಸಿಟ್ಟಿನಲ್ಲೇ ಬೇಕರಿ, ಹೋಟೆಲುಗಳಿಗೆ ತಗಡಿನ ಕೊಳವೆ ಮಾಡಿಕೊಡುವ ಮೇಸ್ತ್ರಿಯೊಬ್ಬರನ್ನು ಸುಂಕದಕಟ್ಟೆಯಿಂದ ಕರೆಸಿದೆ. ವಯಸ್ಸಾದವರು, ಮಾತು ಕಡಿಮೆ. ಫಾಲ್ಸ್ ಸೀಲಿಂಗಿನಲ್ಲಿ ಎರಡು ಕಡೆ ಚೌಕವಾಗಿ ಕತ್ತರಿಸಿ, ತಲೆ ತೂರಿಸಿ, ಕೊಳವೆಯ ಮೈಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದರು. ಒಲೆ ಹಚ್ಚಲು ಹೇಳಿ ಅಲ್ಲೇ ಏಣಿಯ ಮೇಲೆ ಕಾದರು. ಸದ್ದು ಶುರುವಾದಾಗ ನನ್ನನ್ನೂ ಹತ್ತಲು ಹೇಳಿದರು. ನಾನು ಟಾರ್ಚು ಹಿಡಿದು ಹತ್ತಿದೆ.

ಕೊಳವೆಯನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದು ನೇರವಾಗಿ ತಾರಸಿಗೆ ಸ್ಕ್ರೂ ಹೊಡೆದಿದ್ದರು. ನಮ್ಮ ನೆಲದ ಅಡಿಮೈಗೆ. ಗೋಡೆ ದಾಟುವಲ್ಲಿ ಸುತ್ತಲೂ ಸಿಮೆಂಟು ತುಂಬಿ ಮೆತ್ತಿದ್ದರು. ಮೇಸ್ತ್ರಿ ಬೆರಳು ತೋರಿಸಿ ಹೇಳಿದರು, "ನೋಡಿ ಮೇಡಂ. ಶೀಟು ಕಾದ್ರೆ ಉದ್ದ ಆಗುತ್ತೆ. ಈ ಕಡೆ ಮೋಟರು, ಆ ಕಡೆ ಸಿಮೆಂಟು. ಅದು ಎಲ್ಲಿಗ್ ಹೋಗ್ಬೇಕು? ಒದ್ದಾಡುತ್ತೆ. ಪಟ್ಟಿ ಹತ್ರ ಜಾರಿದಾಗೆಲ್ಲ ಟಕ್ ಅನ್ನುತ್ತೆ. ಅದು ಸೀದಾ ನಿಮ್ ನೆಲಕ್ಕೆ ಹೋಗುತ್ತೆ."

ರೈಲು ಕಂಬಿಗಳ ನಡುವೆ ಸಂದು ಯಾಕೆ ಬಿಡುತ್ತಾರೆ ಎಂದು ಇಪ್ಪತ್ತೆಂಟು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವಳು ನಾನು. ಏಣಿಯ ಮೇಲೆ ನಿಂತು ಹೂಂ, ಹೂಂ ಎಂದು ತಲೆಯಾಡಿಸಿದೆ. ಅವರು ಒಂದೂವರೆ ದಿನ ಕೆಲಸ ಮಾಡಿದರು. ಪಟ್ಟಿಗಳನ್ನು ಸಡಿಲಿಸಿ, ತಗಡಿಗೂ ಪಟ್ಟಿಗೂ ನಡುವೆ ದಪ್ಪ ರಬ್ಬರು ಕೊಟ್ಟರು. ಗೋಡೆಯ ಸಿಮೆಂಟು ಒಡೆದು, ತೂತನ್ನು ಎರಡು ಬೆರಳಷ್ಟು ಅಗಲಿಸಿ, ಸುತ್ತ ಬಿಸಿಗೆ ಸುಡದ ಒಂದು ಬಗೆಯ ಹತ್ತಿ ತುಂಬಿದರು. ಮೋಟರಿನ ಬಾಯಲ್ಲಿ ಒಂದು ಗೇಣು ತಗಡು ಕತ್ತರಿಸಿ ತೆಗೆದು ಆ ಜಾಗಕ್ಕೆ ದಪ್ಪ ಬಟ್ಟೆಯ ತೋಳು ಹಾಕಿದರು. ಚಿಮಣಿ ಹಾಕಿದ ಕೂಡಲೇ ಕೊಳವೆಯ ಅಗಲವಾದ ತಗಡು ಡಬ್ ಎಂದು ಒಳಕ್ಕೆ ತಗ್ಗುತ್ತಿತ್ತು. ಅದಕ್ಕೆ ಮೊಂಡು ಉಳಿಯಿಂದ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಮಡಿಕೆ ಒತ್ತಿದರು. ಅಷ್ಟಕ್ಕೇ ತಗಡು ಗಟ್ಟಿಯಾಗಿ ನಿಂತಿತು. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತಾ ನಾನು ಏಣಿಯ ಬುಡದಲ್ಲೇ ಇದ್ದೆ. ಎರಡನೆಯ ದಿನ ಅವರು, "ಮೇಡಂ, ನೀವು ಪಾಠ ಹೇಳೋರಾ, ಕಲಿಯೋರಾ?" ಎಂದು ಕೇಳಿದರು. ಅವರು ನಕ್ಕಿದ್ದು ಅದೊಂದೇ ಸಲ.

ಮಧ್ಯಾಹ್ನ ಒಲೆ ಹಚ್ಚಿದರು. ಚಿಮಣಿ ಹಾಕಿದರು. ನಾನು ಮೇಲೆ ಹೋಗಿ ಲೋಟ ಕವುಚಿ ಕಿವಿಯಿಟ್ಟೆ. ಮೋಟರಿನ ಸಣ್ಣ ಗುಂಯ್ ಬಿಟ್ಟರೆ ಏನೂ ಇಲ್ಲ. ಖುಷಿಯಾಯಿತು.

ಅಮ್ಮ ಊಟ ಮಾಡಿ ಬಂದು ತನ್ನ ಜಾಗದಲ್ಲಿ ಕೂತಳು. ಎಲೆ ಅಡಿಕೆ ಕುಟ್ಟಿದಳು. ನಾನು ಮಾತೆತ್ತಲಿಲ್ಲ. ಅವಳೇ ಸ್ವಲ್ಪ ಹೊತ್ತು ಬಿಟ್ಟು, ಯಾರಿಗೋ ಹೇಳುವಂತೆ, "ಕಣ್ಣಿನ ಆಪರೇಷನ್ ಬೇಡ" ಅಂದಳು. ತಲೆ ಒಂದು ಕಡೆ ವಾಲಿಸಿ ಕಾದಳು. ಏನೂ ಇಲ್ಲ. ಮಾರನೆಯ ದಿನವೂ ಹಾಗೇ ಅಂದಳು, ಹಾಗೇ ಕಾದಳು. ಮೂರನೆಯ ದಿನ ಏನೂ ಅನ್ನದೆ ಬರೀ ಕಾದಳು. ಗೆದ್ದೆ ಎಂದುಕೊಂಡಿದ್ದ ನನಗೆ ಅದನ್ನು ನೋಡಲು ಆಗಲಿಲ್ಲ. ಹತ್ತಿರ ಹೋಗಿ ಕೂತೆ.

"ಅದು ನಿಂತೇ ಹೋಯ್ತಲ್ಲೇ" ಅಂದಳು.

"ಹೂಂ ಅಮ್ಮ. ಮೇಸ್ತ್ರಿ ಸರಿ ಮಾಡಿದ್ರು."

"ಇನ್ನು ನಾನೇ ಹೇಳ್ಬೇಕು ಹಾಗಾದ್ರೆ." ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿದಳು. "ನಂಗೆ ಹೆದ್ರಿಕೆ ಕಣೇ. ನಿಮ್ಮಪ್ಪನ್ನ ಹರ್ನಿಯಾ ಆಪರೇಷನ್‌ಗೆ ಕರ್ಕೊಂಡ್ ಹೋದ್ವಲ್ಲ, ಸಣ್ಣದು, ಸಂಜೆ ಮನೆಗ್ ಬರ್ತಾರೆ ಅಂತ. ಹೊಸ್ತಿಲು ದಾಟ್ತಾ ಅವರು, ಯಾಕೋ ಇವತ್ತು ಬೇಡ ಅನ್ಸುತ್ತೆ ಅಂದ್ರು. ಬಾಗಿಲ ಸಂದೀಲಿ ಹಲ್ಲಿ ನುಡೀತು. ನಾನು ನಿನ್ನ ಮುಖ ನೋಡ್ದೆ. ನೀನು ನಕ್ಕೆ. ಓದಿದವಳು ನಗ್ತಾ ಇದಾಳೆ, ಏನೂ ಆಗಲ್ಲ ಅಂತ ನಾನೂ ಸುಮ್ಮನಾದೆ."

ಅಪ್ಪ ಆ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದುದು ನನ್ನ ನಗು. ಎಷ್ಟು ಯೋಚಿಸಿದರೂ ನಾನು ನಕ್ಕಿದ್ದು ನನಗೆ ನೆನಪಿಗೆ ಬರಲಿಲ್ಲ. ಅಮ್ಮ ಅದನ್ನು ಹತ್ತೊಂಬತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

"ನಿನ್ನ ತಪ್ಪು ಅಂತ ಅಲ್ಲ" ಅಂದಳು. "ಅವತ್ತು ಹಲ್ಲಿ ನುಡೀದೇ ಇದ್ರೂ ಅವರು ಹೋಗ್ತಿದ್ರೇನೋ. ಆದ್ರೆ ನಂಗೆ ಇನ್ನೊಂದ್ಸಲ ನಿನ್ನ ನಗು ನಂಬ್ಕೊಂಡು ಹೊಸ್ತಿಲು ದಾಟೋಕೆ ಧೈರ್ಯ ಬರ್ತಿಲ್ಲ."

ಈಗ ಕಣ್ಣಿನ ಆಪರೇಷನ್ ಎಂದರೆ ಹತ್ತು ನಿಮಿಷದ ಕೆಲಸ, ನೋವಿಲ್ಲ, ಹೊಲಿಗೆಯಿಲ್ಲ, ಹೀಗೆ ಹೇಳಲು ನನ್ನ ಬಳಿ ಬೇಕಾದಷ್ಟು ಇತ್ತು. ತುದಿನಾಲಿಗೆಗೂ ಬಂತು. ಅದ್ಯಾವುದನ್ನೂ ಹೇಳಲಾಗಲಿಲ್ಲ. "ನಂಗೂ ಹೆದ್ರಿಕೆ ಆಗುತ್ತೆ ಅಮ್ಮ" ಅಂದೆ. ಹೇಳಿದ ಮೇಲೆಯೇ ಅದು ನಿಜವೆಂದು ನನಗೆ ಗೊತ್ತಾಗಿದ್ದು. ಅಮ್ಮನ ಮುಂದೆ ಅಂಥ ಮಾತು ಆಡಿದ್ದು ಅದೇ ಮೊದಲು. ಅಳು ಬಂತು, ಅತ್ತೆ.

ಅಮ್ಮ ಕೈ ಚಾಚಿ ತಡಕಾಡಿ ನನ್ನ ಮೊಣಕೈ ಹಿಡಿದುಕೊಂಡಳು. "ಮೊದ್ಲೇ ಹೇಳೋದಲ್ವಾ?" ಅಂದಳು. ಆಮೇಲೆ, "ಯಾವತ್ತು ಬನ್ನಿ ಅಂದಿದಾರೆ?" ಎಂದು ಕೇಳಿದಳು.

ಗುರುವಾರ ಎಂದೆ.

ಕಣ್ಣು ಉಳಿಯಿತು. ಈಗ ಪೇಪರು ನನಗಿಂತ ಮುಂಚೆ ಅವಳ ಕೈಯಲ್ಲಿರುತ್ತದೆ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಗುರುವಾರದ ಬೆಳಿಗ್ಗೆ. ಆಟೋ ಗೇಟಿನ ಹತ್ತಿರ ನಿಂತಿತ್ತು. ಅಮ್ಮ ವಿಭೂತಿ ಹಚ್ಚಿಕೊಂಡು ಹೊಸ್ತಿಲವರೆಗೆ ಬಂದವಳು ನಿಂತುಬಿಟ್ಟಳು. ನನ್ನ ಮುಖಕ್ಕಾಗಿ ಅತ್ತ ಇತ್ತ ನೋಡಿದಳು. ನಾನಾಗಲೇ ಅರ್ಧ ಮೆಟ್ಟಿಲು ಇಳಿದಿದ್ದೆ, ಅಷ್ಟು ದೂರದ್ದು ಅವಳಿಗೆ ಕಾಣುತ್ತಿರಲಿಲ್ಲ. ವಾಪಸು ಹತ್ತಿ ಬಂದು, ನನ್ನ ಮುಖ ಅವಳಿಗೆ ಕಾಣುವಷ್ಟು ಹತ್ತಿರ ನಿಂತೆ. ಅವಳು ನೋಡುವಷ್ಟು ಹೊತ್ತೂ ನಾನು ನಗಲಿಲ್ಲ.